ಕೇಶರಬಾಯಿ ಮುಸಕಿ ಕಟ್ಟಿಸಿಕೊಂಡದ್ದು

ಔರಾದ ತಹಶೀಲ್ ಕಚೇರಿಯ ಮುಂದೆ ಕೇಶರಬಾಯಿ "ಬೇಕೇ" ಅಂದಳು. "ಬೇಕು" ಅನ್ನಲಿಲ್ಲ.

ಅವಳು "ಬೇಕೇ ಬೇಕು" ಅಂದರೆ ಹಿಂದಿದ್ದವರು "ನೀರು ಬೇಕು" ಅನ್ನಬೇಕು. ಎಷ್ಟೋ ವರ್ಷಗಳ ರೂಢಿ ಅದು. ಠಾಣಾ ಕುಶನೂರಿನಿಂದ ಖಾಲಿ ಕೊಡ ಹೊತ್ತು ಬಂದಿದ್ದ ಹೆಂಗಸರೆಲ್ಲ ಕೈ ಎತ್ತಿಕೊಂಡು, ಬಾಯಿ ಅರ್ಧ ತೆರೆದುಕೊಂಡು ನಿಂತೇ ಇದ್ದರು. ಕೇಶರಬಾಯಿ ಕೊಡವನ್ನು ಮೆಟ್ಟಿಲ ಮೇಲಿಟ್ಟಳು, ಅದರ ಪಕ್ಕ ತಾನೂ ಕುಳಿತಳು, ಎರಡೂ ಕೈ ಮೊಣಕಾಲಿಗೆ ಊರಿ ಬಾಯಿ ತೆರೆದಳು. ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಬಂತು, ಮಾತು ಬರಲಿಲ್ಲ. ಜನಕ್ಕೆ ಹೆದರಿಕೆಯಾದದ್ದು ಆಗ. ಅವಳು ಕುಸಿದದ್ದಕ್ಕಲ್ಲ, ಸುಮ್ಮನಾದದ್ದಕ್ಕೆ. ಆಕೆ ಸುಮ್ಮನಿದ್ದದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಅದು ಲಾತೂರಿಗೆ ರೈಲಿನಲ್ಲಿ ನೀರು ತಂದ ಬೇಸಿಗೆ. ಇತ್ತ ನಮ್ಮ ಕಡೆ ರೈಲೂ ಇಲ್ಲ, ನೀರೂ ಇಲ್ಲ. ಮಾಂಜ್ರಾ ನದಿಯ ಪಾತ್ರದಲ್ಲಿ ದನ ಓಡಾಡುತ್ತಿದ್ದವು. ತೊಗರಿ ಕೈಕೊಟ್ಟಿತ್ತು, ಸೋಯಾ ಮೊಳಕೆಯಲ್ಲೇ ಸುಟ್ಟಿತ್ತು. ಗಂಡಸರು ಅರ್ಧಕ್ಕರ್ಧ ಹೈದರಾಬಾದು, ಪುಣೆ ಅಂತ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ್ದರು. ಉಳಿದ ಊರು ಟ್ಯಾಂಕರಿನ ದಾರಿ ಕಾಯುತ್ತಿತ್ತು, ಟ್ಯಾಂಕರು ತನಗೆ ಬೇಕಾದಾಗ ಬರುತ್ತಿತ್ತು. ಹಾಗಾಗಿಯೇ ಮೆರವಣಿಗೆ. ದಾರಿಯುದ್ದಕ್ಕೂ ಕುಡಿದ ಧೂಳು ಕೇಶರಬಾಯಿಯ ಎದೆಯಲ್ಲಿ ಕೂತು ಬಾಕಿ ಮಾತನ್ನು ತಡೆಯಿತು.

ಅಂಬುಲೆನ್ಸು ಅವಳನ್ನು ಬೀದರಿನ ದೊಡ್ಡ ದವಾಖಾನೆಗೆ ತಂದು ಹಾಕಿತು. ಅದೇ ಊರಿನ ಚಿದ್ರಿಯಲ್ಲಿ ಮನೆ ಮಾಡಿಕೊಂಡು ಸಾಲಿಯಲ್ಲಿ ಕಲಿಸುವ ಮಗಳು ಪ್ರಮಿಲಾ ಓಡಿ ಬರುವಷ್ಟರಲ್ಲಿ, ತಾಯಿಯ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು ಬಿಗಿದು, ಪಟ್ಟಿಯನ್ನು ತಲೆಯ ಹಿಂದೆ ಕಟ್ಟಿ, ನಳಿಗೆಯ ತುದಿಗೆ ಯಂತ್ರ ಹಚ್ಚಿದ್ದರು. ಪ್ರಮಿಲಾ ಒಳಗೆ ಕಾಲಿಟ್ಟದ್ದೇ ಕೇಶರಬಾಯಿ ಮಾಸ್ಕು ಕಿತ್ತು ಕೆಳಗೆ ಎಳೆದಳು.

"ನೋಡ... ಪಮ್ಮಿ. ಎತ್ತಿಗೆ ಕಟ್ಟೋ... ಮುಸಕಿ... ನನಗ ಕಟ್ಟ್ಯಾರ."

ಕಣದಲ್ಲಿ ಎತ್ತು ಕಾಳಿಗೆ ಬಾಯಿ ಹಾಕಬಾರದೆಂದು ಕಟ್ಟುವ ಬಲೆಗೆ ಮುಸಕಿ ಅನ್ನುತ್ತಾರೆ. ಯಂತ್ರ ಕುಂಯ್ ಕುಂಯ್ ಅಂತ ಅರಚಿತು. ನರ್ಸ್ ಮರಿಯಮಬೀ ಓಡಿ ಬಂದು ಮಾಸ್ಕನ್ನು ಮತ್ತೆ ಏರಿಸಿದಳು.

"ಆಯಿ, ಇದು ಬಾಯಿ ಮುಚ್ಚಸ್ಲಿಕ್ಕ ಅಲ್ರಿ, ಉಸಿರಾಡ್ಲಿಕ್ಕರಿ."

"ನನ್ನ ಬಾಯಿ... ಮುಚ್ಚಸ್ಲಿಕ್ಕ... ಎಷ್ಟೋ ಮಂದಿ ಬಂದ್ರು," ಅನ್ನುತ್ತ ಕೇಶರಬಾಯಿ ಪುನಃ ಕಿತ್ತಳು.

ಹೀಗೆ ಕೀಳುವುದು, ಏರಿಸುವುದು. ವಾರ್ಡಿನ ಡಾಕ್ಟರು ಕುಬರಾ ಬೀದರಿನ ಹಳೇ ಊರಿನ ಹೆಣ್ಣುಮಗಳು. ಮನೆಮಾತು ದಖನಿ ಉರ್ದು, ಕನ್ನಡ ಓಣಿಯಲ್ಲಿ ಕಲಿತದ್ದು, ಬೈಗುಳದ ಸಮೇತ. ಆಕೆ ತನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದಳು. ಬೇರೆ ಅಳತೆಯ ಮಾಸ್ಕು ತರಿಸಿದಳು. ಗಾಳಿಯ ಒತ್ತಡ ಇಳಿಸಿ, ಸಾವಕಾಶ ಏರಿಸಿದಳು. ಪಟ್ಟಿ ಕಟ್ಟದೆ ತಾನೇ ಕೈಯಿಂದ ಹಿಡಿದು ಕೂತಳು. ಅಷ್ಟು ಹೊತ್ತು ಕೇಶರಬಾಯಿ ತಡೆದುಕೊಳ್ಳುತ್ತಿದ್ದಳು. ಓಡುವ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿ ತೆರೆದ ಹಾಗಿತ್ತು ಅವಳಿಗೆ. ಗಾಳಿ ತಾನಾಗಿಯೇ ನುಗ್ಗಿ ಬರುತ್ತಿತ್ತು, ಬೇಡ ಅನ್ನಲು ಎಡೆಯಿರಲಿಲ್ಲ. ಬೇಡ ಅನ್ನಲಾಗದ ಯಾವುದನ್ನೂ ಆಕೆ ಜನ್ಮದಲ್ಲಿ ಸಹಿಸಿದವಳಲ್ಲ.

ಅದರ ಮೇಲೆ ಸಂಜೆ ಮಂದಿ ಬರತೊಡಗಿದರು. ನಮ್ಮ ಕಡೆ ರೋಗಿಯನ್ನು ಯಾರೂ ನೋಡಲು ಹೋಗುವುದಿಲ್ಲ, ಮಾತಾಡಿಸಲು ಹೋಗುತ್ತಾರೆ. ಬಂದವರು "ಹ್ಯಾಂಗಿದ್ದೀರಿ" ಅನ್ನಬೇಕು, ರೋಗಿ "ಆರಾಮ ಇದ್ದೇನಿ" ಅನ್ನಬೇಕು, ಸಾಯುತ್ತಿದ್ದರೂ ಅನ್ನಬೇಕು. ಮಾತಾಡದೆ ಕಳಿಸಿದರೆ ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಕುಶನೂರಿನವರು, ಔರಾದದವರು, ಯಾವ ಕಾಲದ ಧರಣಿಯಲ್ಲೋ ಪಕ್ಕ ಕೂತಿದ್ದವರು, ಒಬ್ಬರ ಹಿಂದೊಬ್ಬರು ಬಂದರು. ಒಬ್ಬೊಬ್ಬರಿಗೂ ಕೇಶರಬಾಯಿ ಮಾಸ್ಕು ಎತ್ತಿದಳು. "ಆರಾಮ... ಇದ್ದೇನಿ. ಚಾ ಕುಡದು... ಹೋಗ." ಎತ್ತಿದಾಗೆಲ್ಲ ಯಂತ್ರ ಅರಚುತ್ತಿತ್ತು, ಪರದೆಯ ಅಂಕಿ ಇಳಿಯುತ್ತಿತ್ತು, ತುಟಿ ನೀಲಿಯಾಗುತ್ತಿತ್ತು.

ಮಾತಾಡಿಸದೆ ಹೋದವನು ಒಬ್ಬನೇ, ಗಂಡ ನರಸಿಂಗ. ಅವನು ಮಾತಿಲ್ಲದ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದುದರಿಂದ ಅವನಿಗೆ ಆ ಅಭ್ಯಾಸವೇ ಬಿದ್ದಿರಲಿಲ್ಲ. ಬಂದು ಪಾದದ ಬಳಿ ಕೂತ, ಹೊದಿಕೆ ಸರಿ ಮಾಡಿದ, ಆಡುಗಳಿಗೆ ಮೇವು ಹಾಕಬೇಕೆಂದು ಎದ್ದು ಹೋದ. ಅವನಿದ್ದಷ್ಟು ಹೊತ್ತು ಮಾಸ್ಕು ಮುಖದ ಮೇಲೇ ಇತ್ತು. ಕುಬರಾ ಅದನ್ನು ಗಮನಿಸಿದಳು. ಉಳಿದವರನ್ನೆಲ್ಲ ಹೊರಗೆ ಕಳಿಸಿ ಸ್ಟೂಲು ಎಳೆದುಕೊಂಡು ಹಾಸಿಗೆಯ ಪಕ್ಕ ಕೂತಳು.

"ಆಯಿ, ಖರೇ ಹೇಳ್ತೇನಿ ಕೇಳ್ರಿ. ಒಲಿ ಹೊಗಿ, ನೀವು ದುಡದ ಇಟ್ಟಂಗಿ ಭಟ್ಟಿ ಧೂಳ, ಎಲ್ಲಾ ಕೂಡಿ ನಿಮ್ಮ ಪುಪ್ಪಸ ಸೋತಾವ. ಒಳಗಿನ ಕೆಟ್ಟ ಗಾಳಿ ಹೊರಗ ಹೋಗವಲ್ದು. ಬಂಡಿ ಏರಿನಾಗ ಸಿಕ್ಕಾಗ ಹಿಂದ ನಿಂತು ದೂಡ್ತೀರಲ್ಲ, ಈ ಮಶೀನ ಅಷ್ಟ ಮಾಡ್ತದ. ಎಳಿಯೋ ಎತ್ತು ನೀವೇ."

"ಮತ್ತ... ತೆಗದ್ರ?"

"ಬಂಡಿ ಹಿಂದಕ್ಕ ಉರುಳ್ತದ. ಆಮ್ಯಾಲ ಪೂರಾ ಬೇಹೋಶ ಮಾಡಿ ಗಂಟಲದಾಗ ನಳಿಗಿ ಇಳಸಬೇಕು. ಆಗ ಒಂದು ಮಾತೂ ಬರಂಗಿಲ್ಲ. ನಿಮ್ಮಂಥ ಪುಪ್ಪಸಕ್ಕ ಆ ನಳಿಗಿ ಬಿಡಸೋದು ಭಾಳ ಕಷ್ಟ. ಕೆಲವರಿಗಿ ಬಿಡಸ್ಲಿಕ್ಕ ಆಗೇ ಇಲ್ಲ."

ಕೇಶರಬಾಯಿ ಸೂರು ನೋಡಿದಳು.

"ಅದಕ್ಕ ಒಂದು ದಾರಿ ಅದ. ಸಲಾಯಿನ್ ಜೋಡಿ ಒಂದು ಔಷಧ, ಹನಿ ಹನಿ, ಥೋಡೆ ಥೋಡೆ. ಗಾಬರಿ ಇಳೀತದ, ಮಂಪರು ಬರ್ತದ, ಮಾಸ್ಕ್ ತಡ್ಕೋತೀರಿ."

ಮಂಪರು ಅಂದದ್ದೇ ತಡ, ಕೇಶರಬಾಯಿ ಮಾಸ್ಕು ಕಿತ್ತು ಎದ್ದು ಕೂತಳು. "ಅಫೀಮು," ಅಂದಳು. "ನನಗ... ಅಫೀಮು ಕೊಡ್ತಿ? ನನಗ?"

ಪ್ರಮಿಲಾ ಕಣ್ಣು ಮುಚ್ಚಿಕೊಂಡಳು. ಇದು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ತಾಯಿಗೆ ಉಸಿರಿರಲಿಲ್ಲವಾಗಿ ಆ ಕತೆಯನ್ನು ಡಾಕ್ಟರಿಗೆ ಅವಳೇ ಹೇಳಬೇಕಾಯಿತು.

ಕೇಶರಬಾಯಿ ಎಪ್ಪತ್ತೆರಡನೇ ಇಸವಿಯ ಬರದಲ್ಲಿ ಇನ್ನೂ ಹುಡುಗಿ. ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆದವಳು. ಮದುವೆಯಾದ ಮೇಲೆ ಮಳೆ ಕೈಕೊಟ್ಟಾಗೆಲ್ಲ ಗಂಡ ಹೆಂಡತಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದರು. ಭಾಲ್ಕಿ, ಔರಾದ ಕಡೆಯ ಮಂದಿಯನ್ನು ಟೋಳಿ ಕಟ್ಟಿ ಲಾರಿಯಲ್ಲಿ ತುಂಬಿ ಒಯ್ಯುವ ಗುತ್ತಿಗೆದಾರ ಮುಕಾದಮ. ಮೆಹಕರದ ಜಿಜಾಬಾಯಿ ಎಂಬಾಕೆ ಅದೇ ಟೋಳಿಯಲ್ಲಿದ್ದಳು. ಇಬ್ಬರದೂ ಅಕ್ಕಪಕ್ಕದ ಗುಡಿಸಲು. ಕೂಸಿದ್ದ ತಾಯಂದಿರು ಹೊಲಕ್ಕೆ ಹೋಗುವ ಮುಂಚೆ ಕೂಸಿನ ನಾಲಿಗೆಗೆ ಸಾಸಿವೆಯಷ್ಟು ಅಫೀಮು ಸವರುತ್ತಿದ್ದರು. ಕೂಸು ಬದುವಿನ ನೆರಳಲ್ಲಿ ಮಲಗಿದರೆ ತಾಯಿ ಸಂಜೆಯ ತನಕ ಕಡಿಯಬಹುದು. ತಂದು ಕೊಡುತ್ತಿದ್ದವನು ಮುಕಾದಮನೇ. ಧರ್ಮಕ್ಕಲ್ಲ, ಕಬ್ಬು ಬೇಗ ಲಾರಿ ಹತ್ತಲಿ ಅಂತ.

ಒಂದು ದಿನ ಜಿಜಾಬಾಯಿ ಹಾಲೂಡಿಸಲು ಬಂದು ಕೂಗಿದರೆ ಕೂಸು ಕಣ್ಣು ತೆರೆಯಲಿಲ್ಲ. ಕೂಗಿದಳು, ಚೀರಿದಳು. ಕೇಶರಬಾಯಿ ಕುಡುಗೋಲು ಎಸೆದು ಬಂದು ಕೂಸನ್ನು ಎತ್ತಿಕೊಂಡು, ತಣ್ಣೀರು ಚಿಮುಕಿಸಿ, ಪಾದಕ್ಕೆ ಹೊಡೆದು, ಹೆಸರು ಹಿಡಿದು ಕೂಗುತ್ತ ಬದುವಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿದಳು. ಕೂಸು ಕಡೆಗೆ ಕಣ್ಣು ಬಿಟ್ಟು, ಅವಳ ಸೆರಗಿನ ಮೇಲೆ ವಾಂತಿ ಮಾಡಿ, ಅತ್ತಿತು. ಅದೇ ಕೂಸು ಇವತ್ತು ಭಾಲ್ಕಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮಚ್ಛೇಂದ್ರ. ಆಚೆ ಟೋಳಿಯ ಒಂದು ಕೂಸಿಗೆ ಆ ನಸೀಬು ಇರಲಿಲ್ಲ. ಮರುದಿನ ಕೇಶರಬಾಯಿ ಗುಡಿಸಲು ಗುಡಿಸಲು ತಿರುಗಿ ಅಫೀಮಿನ ಪುಡಿಕೆಗಳನ್ನೆಲ್ಲ ಕಾಲುವೆಗೆ ಎಸೆದಳು. ಹೆಂಗಸರು ಕುಡುಗೋಲು ಕೆಳಗಿಟ್ಟು ಕೂತರು. ಕೂಸುಗಳನ್ನು ನೋಡಿಕೊಳ್ಳಲು ಟೋಳಿಯ ಒಬ್ಬ ಹೆಂಗಸು ಉಳಿಯಬೇಕು, ಅವಳಿಗೂ ಪೂರಾ ಕೂಲಿ ಬೇಕು. ಕಬ್ಬು ಒಣಗತೊಡಗಿದ ಮೇಲೆ ಮುಕಾದಮ ಒಪ್ಪಿದ. ಅವಳು ಗೆದ್ದ ಮೊದಲ ಹೋರಾಟ ಅದು. ಆಮೇಲೆ ಸೋತವೂ ಬೇಕಾದಷ್ಟಿವೆ. ಆದರೆ ಆ ರುಚಿ ಹತ್ತಿದ ನಾಲಿಗೆ ಮುಂದೆ ಎಂದೂ ಒಳಗೆ ಕೂರಲಿಲ್ಲ.

ಕತೆ ಮುಗಿಯುವ ತನಕ ಕುಬರಾ ಮಾಸ್ಕನ್ನು ಕೈಯಲ್ಲಿ ಹಿಡಿದು ಕೇಶರಬಾಯಿಯ ಮುಖಕ್ಕೆ ಒತ್ತಿಕೊಂಡೇ ಇದ್ದಳು. ಈಗ ಮುದುಕಿ ಅದನ್ನು ಸರಿಸಿ ಕೇಳಿದಳು:

"ಕೂಸಿಗಿ ಮಲಗಿಸಿದ್ದು... ಮುಕಾದಮನ ಕೆಲಸಕ್ಕ. ನನಗ ಮಲಗಸೋದು... ಯಾರ ಕೆಲಸಕ್ಕ? ನಿಂದೋ... ಈ ನರ್ಸಂದೋ?"

ಕುಬರಾ ನಗಲಿಲ್ಲ. "ನಮಗೂ ಆರಾಮ ಆಗ್ತದ, ಸುಳ್ಳ ಯಾಕ ಹೇಳ್ಲಿ. ನಿಮ್ಮ ಜೋಡಿ ಗುದ್ದಾಡಿ ಸಾಕಾಗೇದ. ಆದ್ರ ಕೆಲಸ ನಿಮ್ದು. ನಿಮ್ಮ ಉಸಿರು. ಜಾಸ್ತಿ ಕೊಟ್ರ ಆ ಉಸಿರೇ ಕಮ್ಮಿ ಆಗ್ತದ, ಬಿ.ಪಿ. ಇಳೀತದ, ಅದೂ ಖರೇ. ಅದಕ್ಕ ಎಲ್ಲರಿಗೂ ಕೊಡಂಗಿಲ್ಲ, ಕೊಟ್ಟು ಬಿಟ್ಟು ಹೋಗಂಗೂ ಇಲ್ಲ."

ಮಾತು ಈಗ ಕೇಶರಬಾಯಿಗೆ ಪರಿಚಯವಿದ್ದ ಹಾದಿಗೆ ಬಂತು. ಎದುರಿನವರು ತಮ್ಮ ಲಾಭವನ್ನೂ ಅಪಾಯವನ್ನೂ ಬಾಯಿಬಿಟ್ಟು ಹೇಳಿದರೆ ಮಾತುಕತೆಗೆ ಕೂರಬಹುದು. ಅವಳು ಬೆರಳು ಎತ್ತಿದಳು.

"ಒಂದು. ಹೆಸರ ಹಿಡದು ಕೂಗಿದ್ರ... ನಾ ಕಣ್ಣ ತೆರೀಬೇಕು. ತೆರೀಲಿಲ್ಲಂದ್ರ... ಬಂದ್ ಮಾಡಬೇಕು."

"ಕಬೂಲ್."

"ಎರಡು. ಒಬ್ರು... ಬಾಜೂಕ ಕೂಡಬೇಕು. ಮೂರು. ಕೈ ಕಟ್ಟಬಾರದು."

"ಅದೂ ಕಬೂಲ್, ಇದೂ ಕಬೂಲ್."

ಕೇಶರಬಾಯಿಗೆ ಅನುಮಾನ ಬಂತು. ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಅಧಿಕಾರಿಗಳನ್ನು ಅವಳು ತಹಶೀಲಿನಿಂದ ಜಿಲ್ಲೆಯ ತನಕ ಕಂಡಿದ್ದಳು. ಹಾಗೆ ಹೂಂ ಅಂದವರು ಹೆಂಗಸರು ಬಸ್ಸು ಹತ್ತುವುದನ್ನೇ ಕಾಯುತ್ತಿದ್ದರು. ಪರೀಕ್ಷೆಗೆ ಇನ್ನೊಂದು ಬೆರಳು ಎತ್ತಿದಳು.

"ನಾಕು. ಒಂದು ಕಪ್ ಚಾ. ಈಗ."

"ಚಾ ಇಲ್ಲ."

"ಅರ್ಧಾ... ಕಪ್."

"ಹನಿನೂ ಇಲ್ಲ. ಈ ಗಾಳಿ ಜೋರಿನಾಗ ಚಾ ಉಸಿರಿನ ದಾರಿಗಿ ಹೋದ್ರ ನಿಮಗ ನಾ ಉಳಸ್ಲಿಕ್ಕ ಆಗಂಗಿಲ್ಲ. ಏನ ಬೇಕಾರ ಬೈರಿ ಆಯಿ, ಚಾ ಸಿಗಂಗಿಲ್ಲ."

ಕೇಶರಬಾಯಿ ದಿಂಬಿಗೆ ಒರಗಿದಳು. "ಹಾಂ. ಇಲ್ಲ ಅನ್ಲಿಕ್ಕ ಬರ್ತದ ಈಕಿಗಿ," ಅಂತ ಮಗಳಿಗೆ ಹೇಳಿದಳು. "ಹಂಗಾರ ಹೂಂ ಅಂದದ್ದೂ... ಖರೇ ಇರಬೇಕು. ಹಚ್ಚು."

ಸಣ್ಣ ಪಂಪಿನಿಂದ ಔಷಧ ಹರಿಯಿತು. ಮರಿಯಮಬೀ ಸ್ಟೂಲಿನ ಮೇಲೆ ಕೂತಳು, ಕುಬರಾ ಪರದೆಯ ಮುಂದೆ ನಿಂತಳು. ಮೊದಲು ಬೆರಳುಗಳ ಬಿಗಿ ಬಿಟ್ಟಿತು, ಆಮೇಲೆ ಹೆಗಲಿನದು. ಗಾಳಿ ಅದೇ ಗಾಳಿ, ಮಾಸ್ಕು ಅದೇ ಮಾಸ್ಕು. ಅದರ ಜೊತೆ ಜಗಳವಾಡಬೇಕು ಅನ್ನುವುದು ಮಾತ್ರ ದೂರ ಸರಿಯಿತು. ಪೂರಾ ನಿದ್ದೆಯಲ್ಲ, ಪೂರಾ ಎಚ್ಚರವೂ ಅಲ್ಲ. ಊಟ ಮುಗಿಸಿ ಬೇವಿನ ನೆರಳಿಗೆ ಒರಗಿದಾಗ ದೂರದಲ್ಲಿ ಯಾರೋ ಕಚ್ಚಾಡುವುದು ಕೇಳುತ್ತದೆ, ಎದ್ದು ಹೋಗಿ ಬಿಡಿಸಬೇಕು ಅಂತ ಗೊತ್ತಿರುತ್ತದೆ, ಏಳದೆ ಬಿದ್ದಿರುತ್ತೇವಲ್ಲ, ಆ ಸುಖ. ಅವಳಿಗೆ ಅದು ಹೊಸದು. ಯಾವ ಜಗಳವನ್ನೂ ಬಿಟ್ಟವಳಲ್ಲ.

"ಕೇಶರಬಾಯಿ!" ಅಂತ ಮರಿಯಮಬೀ ಆಗಾಗ ಕೂಗುತ್ತಿದ್ದಳು. ಕಣ್ಣು ತೆರೆಯುತ್ತಿದ್ದವು. ಒಮ್ಮೆ ಕೂಗಿಗೆ ತಡವಾಗಿ ತೆರೆದವು. ಕುಬರಾ ಕೂಡಲೆ ಔಷಧದ ಹರಿವು ಇಳಿಸಿದಳು. ಮತ್ತೆ ಕೂಗಿದರೆ ಕಣ್ಣು ತಟ್ಟನೆ ತೆರೆದು, ಹುಬ್ಬು ಗಂಟಿಕ್ಕಿ, "ಎಷ್ಟು ಸಲ ಕೂಗ್ತಿ" ಅನ್ನುವ ಹಾಗೆ ನೋಡಿದವು. "ಈಗ ಬರೋಬರ್ ಅದ," ಅಂದಳು ಕುಬರಾ.

ಮರುದಿನ ಮಧ್ಯಾಹ್ನ ಜಿಜಾಬಾಯಿ ಬಂದಳು. ಮೆಹಕರದಿಂದ ಭಾಲ್ಕಿ, ಭಾಲ್ಕಿಯಿಂದ ಬೀದರ, ಬಸ್ಸು ಬದಲಿಸಿ, ಕೈಯಲ್ಲಿ ರೊಟ್ಟಿಯ ಗಂಟು. ಮರಿಯಮಬೀ ಹೊಸ ಸಲಾಯಿನ್ ಬಾಟಲಿ ತರಲು ಎದ್ದಿದ್ದರಿಂದ ಪ್ರಮಿಲಾ ತಾಯಿಯ ಪಕ್ಕ ಕೂತಿದ್ದಳು.

"ಕೇಶರಾ, ನಾ ಬಂದೇನಿ. ಹ್ಯಾಂಗಿದ್ದಿ?"

ಬೇವಿನ ನೆರಳಿನಲ್ಲಿದ್ದವಳಿಗೆ ಮಾತು ಕೇಳಿಸಿತು. ಏಳಬೇಕು ಅನ್ನಿಸಿತು, ಇನ್ನೊಂದು ಗಳಿಗೆ ಆಗಲಿ ಅನ್ನಿಸಿತು.

"ಯಾಕ ಮಾತಾಡವಲ್ಲಿ? ನನ್ನ ಮ್ಯಾಲ ಸಿಟ್ಟೇನ? ಪಮ್ಮಿ, ಏನ ಕೊಟ್ಟಾರ ನಿಮ್ಮವ್ವಗ?"

"ಮಂಪರಿನ ಔಷಧ, ಮಾವಶಿ. ಮಾಸ್ಕ್ ತಡ್ಕೋಲಿ ಅಂತ, ಅವ್ವನೇ ಒಪ್ಪಿ..."

"ಅಫೀಮು!" ಗಂಟು ಕೆಳಗೆ ಬಿತ್ತು. "ಸಾಲಿ ಕಲ್ತಾಕಿ, ನಿನ್ನ ಬುದ್ಧಿಗಿ ಏನಾಗ್ಯಾದ? ಯಾವಾಕಿ ಅಫೀಮು ಕಾಲುವೀಗಿ ಒಗದ್ಳೋ ಆಕೀಗೇ ಕುಡಸ್ತಿ? ತಗೀ ಆ ಮುಸಕಿ!"

ಜಿಜಾಬಾಯಿ ಮಾಸ್ಕಿನ ಪಟ್ಟಿಗೆ ಕೈ ಹಾಕಿದಳು. ಪ್ರಮಿಲಾ ಆ ಕೈ ಹಿಡಿದಳು. ಕಬ್ಬು ಕಡಿದ ಕೈ ಅದು, ಸಾಲಿಯ ಕೈಗೆ ಜಗ್ಗಲಿಲ್ಲ. ಪಟ್ಟಿ ಅರ್ಧ ಸರಿಯಿತು, ಯಂತ್ರ ಅರಚಿತು.

"ಕೇಶರಾ! ಏ ಕೇಶರಾ! ಕಣ್ಣ ತೆರಿ!"

ಅದೇ ಚೀರು. ಬದುವಿನ ಮೇಲೆ ಕೂಸಿಗೆ ಚೀರಿದ ಚೀರು. ಕೇಶರಬಾಯಿ ಕಣ್ಣು ತೆರೆದಳು.

ಗೆಳತಿಯ ಮುಖ ಒಂದು ಗೇಣು ದೂರದಲ್ಲಿತ್ತು. ಇಷ್ಟು ದೂರ ಬಸ್ಸು ಬದಲಿಸಿ ಬಂದವಳಿಗೆ ಒಂದು ಮಾತಾದರೂ ಆಡದಿದ್ದರೆ ಹೇಗೆ? ಕೈ ತನ್ನಷ್ಟಕ್ಕೆ ಮಾಸ್ಕಿನ ಕಡೆ ಎದ್ದಿತು. ಹೇಳಲು ಬೇಕಾದಷ್ಟಿತ್ತು: ಕೂಗಿದರೆ ಕಣ್ಣು ತೆರೆಯುತ್ತೇನೆ ನೋಡು, ಇದು ಅದಲ್ಲ, ಈ ಷರತ್ತು ನಾನೇ ಹಾಕಿದ್ದು. ಬೆರಳು ಅಂಚಿಗೆ ತಗುಲಿತು. ಅಲ್ಲೇ ನಿಂತಿತು. ಕೇಶರಬಾಯಿ ಕೇಳಿದ ಮೂರು ಮಾತನ್ನೂ ಡಾಕ್ಟರಬಾಯಿ ನಡೆಸಿದ್ದಳು. ಕೈ ಕಟ್ಟಿರಲಿಲ್ಲ, ಆದ್ದರಿಂದಲೇ ಅದು ಇಷ್ಟು ಸಲೀಸಾಗಿ ಮೇಲೆ ಬಂದಿತ್ತು. ಇತ್ತ ತನ್ನ ಪಾಲಿನದು ಒಂದೇ: ಮುಸಕಿ ಇಟ್ಟುಕೊಳ್ಳುವುದು. ಒಪ್ಪಂದ ಮುರಿಯುವುದು ಮುಕಾದಮರ ಕೆಲಸ.

ಅವಳು ಜಿಜಾಬಾಯಿಯ ಕೈಯನ್ನು ಪಟ್ಟಿಯಿಂದ ಬಿಡಿಸಿದಳು. ಸರಿದ ಪಟ್ಟಿಯನ್ನು ತಾನೇ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಮುಷ್ಟಿ ಕಟ್ಟಿ, ಸಲಾಯಿನ್ ಸೂಜಿಯ ಸಮೇತ, ಮೆರವಣಿಗೆಯಲ್ಲಿ ಎತ್ತುವ ಹಾಗೆ ಮೇಲಕ್ಕೆತ್ತಿದಳು.

ಜಿಜಾಬಾಯಿ ಸ್ಟೂಲಿನ ಮೇಲೆ ಧೊಪ್ಪೆಂದು ಕೂತಳು. "ಎಚ್ಚರ ಅದಾಳ. ಏ ಕತ್ತೆ, ಜೀವಾ ತಗದ್ಯಲ್ಲ ನಂದು!"

ಓಡಿ ಬಂದ ಕುಬರಾ ಬಾಗಿಲಲ್ಲಿ ನಿಂತು ಅಂದಳು: "ಮಾವಶಿ, ನೀವು ಕೂಗಿದ್ದು ಛಲೋ ಆಯ್ತು. ನಾವೂ ಹಂಗೇ ಕೂಗಿ ನೋಡೇ ಔಷಧ ಕೊಡೋದು. ಆದ್ರ ಇನ್ನೊಮ್ಮಿ ಪಟ್ಟಿಗಿ ಕೈ ಹಚ್ಚಿದ್ರ ನಿಮಗೂ ಒಂದು ಮಾಸ್ಕ್ ಕಟ್ಟತೇನಿ."

ಆವತ್ತಿನಿಂದ ಬಾಗಿಲು ಜಿಜಾಬಾಯಿಯದಾಯಿತು. ಮಾತಾಡಿಸಲು ಬಂದವರನ್ನೆಲ್ಲ ಆಕೆ ಹೊಸ್ತಿಲಲ್ಲೇ ನಿಲ್ಲಿಸಿದಳು. "ಇಲ್ಲಿಂದೇ ಹೆಸರ ಹಿಡದು ಕೂಗ್ರಿ. ಕಣ್ಣ ತೆರೀತಾಳ, ಕೈ ಎತ್ತತಾಳ. ಅಷ್ಟಾದ್ರ ಮಾತಾಡಿಸ್ದಂಗ. ರೊಟ್ಟಿ ಅದ, ಉಂಡು ಹೋಗ್ರಿ." ಜನ ಕೂಗಿದರು, ಮುಷ್ಟಿ ಎದ್ದಿತು, ಸಮಾಧಾನದಿಂದ ರೊಟ್ಟಿ ಉಂಡು ಬಸ್ಸು ಹತ್ತಿದರು. ನರಸಿಂಗ ಬಂದಾಗ ಮಾತ್ರ ಕೂಗಲಿಲ್ಲ. ಪಾದದ ಬಳಿ ಕೂತ. ಕೂಗದಿದ್ದರೂ ಆಕೆ ಕಣ್ಣು ತೆರೆದಳು. ಅವನು ಗಾಬರಿಯಾಗಿ, ಏನೋ ತಪ್ಪು ಮಾಡಿದವನಂತೆ ಸುತ್ತ ನೋಡಿದ.

ಕೆಟ್ಟ ಗಾಳಿ ಇಳಿಯುತ್ತ ಬಂತು. ಕುಬರಾ ಔಷಧವನ್ನು ಸಾವಕಾಶ ಕಮ್ಮಿ ಮಾಡಿ ನಿಲ್ಲಿಸಿದಳು. ಮಾಸ್ಕನ್ನು ಸ್ವಲ್ಪ ಹೊತ್ತು ತೆಗೆಯುವುದು, ಮತ್ತೆ ಹಾಕುವುದು, ಹೀಗೆ ರೂಢಿ ಮಾಡಿಸಿದಳು. ಗಂಟಲಿನ ನಳಿಗೆ ಬೇಕಾಗಲಿಲ್ಲ. ಮಾಸ್ಕು ಪೂರಾ ಇಳಿದ ದಿನ ಮೂಗಿನ ಮೇಲೆ ಕೆಂಪು ಗೆರೆ ಮೂಡಿತ್ತು. ವಾರ್ಡೆಲ್ಲ ಮೊದಲ ಮಾತಿಗೆ ಕಿವಿಗೊಟ್ಟಿತ್ತು.

"ಜಿಜಾ," ಅಂದಳು ಕೇಶರಬಾಯಿ, "ನನ್ನ ಬಾಯಿ ಕಟ್ಟಿದಾಗ ನೀ ಎಷ್ಟ ಮಾತಾಡ್ತಿ ಅಂತ ತಿಳೀತು. ನಲವತ್ತು ವರ್ಷ ಎಲ್ಲಿ ಇಟ್ಟಿದ್ದಿ ಅದನ್ನ?"

"ನೀ ಜಾಗಾ ಕೊಟ್ರ ಅಲ್ಲೇನ, ಯವ್ವಾ!"

ಕುಬರಾ ತಾನೇ ಚಹಾ ತಂದಳು. ಕೇಶರಬಾಯಿ ಬಸಿಯಲ್ಲಿ ಸುರುವಿ, ಊದಿ, ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಇದಕ್ಕೇನ ನೀ ಅಷ್ಟ ಇಲ್ಲ ಅಂದದ್ದು? ಇಷ್ಟ ತೆಳ್ಳಗ ಅದ ಅಂತ ಗೊತ್ತಿದ್ರ ನಾ ಕೇಳ್ತೇ ಇರ್ಲಿಲ್ಲ."

ಕೇಶರಬಾಯಿ ಮನೆಗೆ ಹೊರಡುವಾಗ ಕುಬರಾ, ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಇನ್‌ಹೇಲರ್ ಪಂಪು ಸೇದುವುದನ್ನು ಕಲಿಸಿದಳು, ಒಲೆಯ ಮುಂದೆ ಕೂರಬೇಡಿ, ಧೂಳಲ್ಲಿ ನಡೆಯಬೇಡಿ, ಚೀರಬೇಡಿ ಅಂದಳು. ಕೇಶರಬಾಯಿ ಮೊದಲ ಎರಡಕ್ಕೆ ಕಬೂಲ್ ಅಂದಳು. ಮೂರನೆಯದಕ್ಕೆ "ಇಲ್ಲ" ಅಂದಳು. ಇಬ್ಬರೂ ನಕ್ಕರು.

ಮಳೆ ಇನ್ನೂ ಬಂದಿರಲಿಲ್ಲ. ಟ್ಯಾಂಕರು ಇನ್ನೂ ತನಗೆ ಬೇಕಾದಾಗಲೇ ಬರುತ್ತಿತ್ತು. ಔರಾದಕ್ಕೆ ಮತ್ತೆ ಕೊಡಗಳು ಹೊರಟಾಗ ಕೇಶರಬಾಯಿ ನಡೆಯಲಿಲ್ಲ, ಮಚ್ಛೇಂದ್ರನ ಟ್ರ್ಯಾಕ್ಟರಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಕೂತು ಹೋದಳು. ಸೆರಗು ನೋಡಿ ಜಿಜಾಬಾಯಿ, "ಈಗ ತಾನಾಗೇ ಮುಸಕಿ ಕಟ್ಕೋತಾಳ" ಅಂತ ಟ್ರ್ಯಾಕ್ಟರಿನ ತುಂಬ ಹೇಳಿದಳು. ಕಚೇರಿಯ ಅದೇ ಮೆಟ್ಟಿಲ ಮೇಲೆ ಕೇಶರಬಾಯಿ ನಿಂತಳು, ಸೆರಗು ಬಿಚ್ಚಿದಳು, ಮುಷ್ಟಿ ಎತ್ತಿದಳು.

"ಬೇಕೇ..."

ಉಸಿರು ಅಲ್ಲಿಗೆ ಮುಗಿಯಿತು. ಅವಳಿಗೆ ಈಗ ಅದು ಗೊತ್ತಿತ್ತು, ಹೆಂಗಸರಿಗೂ ಗೊತ್ತಿತ್ತು. ಯಾರೂ ಹೆದರಲಿಲ್ಲ. ಕೈ ಎತ್ತಿಕೊಂಡು, ಬಾಯಿ ಅರ್ಧ ತೆರೆದುಕೊಂಡು ನಿಂತರು. ಒಳಗೆ ಫ್ಯಾನು ತಿರುಗುವ ಸದ್ದು ಹೊರಗೆ ಕೇಳಿಸಿತು. ಕೂಗಾಟಕ್ಕೆ ಕಿವಿ ಮುಚ್ಚಿಕೊಂಡು ಕೂರುವುದು ರೂಢಿಯಿದ್ದ ತಹಶೀಲ್ದಾರ ಸಾಹೇಬರಿಗೆ ಈ ಸುಮ್ಮನಿರುವುದನ್ನು ತಡೆದುಕೊಳ್ಳಲಾಗಲಿಲ್ಲ. ಕುರ್ಚಿ ಸರಿಯಿತು, ಏನಾಯಿತೆಂದು ಕಿಟಕಿಯಿಂದ ತಲೆ ಹೊರಗೆ ಬಂತು.

ಕೇಶರಬಾಯಿಗೆ ಬೇಕಾಗಿದ್ದದ್ದು ಅಷ್ಟೇ ಹೊತ್ತು. ಎದೆ ತುಂಬ ಗಾಳಿ ಎಳೆದುಕೊಂಡು, ಆ ತಲೆಯನ್ನೇ ನೋಡುತ್ತ, "ಬೇಕು" ಅಂದಳು.